ಬಿಸಿಲಿಗೆ ಕಟ್ಟಿದ ಬಲೆ

ಇಷ್ಟು ಸುಲಭದ ಕೆಲಸವನ್ನು ಇನ್ನೂ ಯಾರೂ ಯಾಕೆ ಮಾಡಿ ಮುಗಿಸಿಲ್ಲ ಎಂದು ನನಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಸರ್ಕಾರ ಮನೆಮನೆಗೆ ಪುಕ್ಕಟೆ ಕರೆಂಟು ಕೊಡುತ್ತದೆ. ಅದೇ ದುಡ್ಡಿನಲ್ಲಿ ಮನೆಮನೆಯ ಮೇಲೆ ಸೋಲಾರ್ ಪ್ಲೇಟು ಹಾಕಿಸಿಕೊಟ್ಟರೆ ಜನ ತಮ್ಮ ಕರೆಂಟನ್ನು ತಾವೇ ಮಾಡಿಕೊಳ್ಳುತ್ತಾರೆ, ಕಲ್ಲಿದ್ದಲ ಹೊಗೆ ತಪ್ಪುತ್ತದೆ, ಖಜಾನೆಯೂ ಒಮ್ಮೆ ಉಸಿರಾಡುತ್ತದೆ. ಮುರ್ಡೇಶ್ವರದಿಂದ ಮಂಕಿಗೆ ಬರುವ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ನಾನು ದೇಶದ ಇಂಧನ ಸಮಸ್ಯೆಯನ್ನು ಹೀಗೆ ಬಗೆಹರಿಸಿದೆ. ಅದು ಮುಗಿದ ಮೇಲೂ ಒಂದು ಸಣ್ಣ ನಿದ್ದೆಗೆ ಸಮಯ ಉಳಿದಿತ್ತು!

ನಾನು ವಿಮಾ ಏಜೆಂಟ. ಇನ್ನೂ ಬಾರದ ಕಷ್ಟಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುವುದು ನನ್ನ ವೃತ್ತಿ. ಭಟ್ಕಳದಿಂದ ಕುಮಟೆಯವರೆಗೆ ಹಗಲೆಲ್ಲ ಭಯ ಮಾರುತ್ತೇನೆ. ಖರ್ಚಾಗದೆ ಉಳಿದದ್ದನ್ನು ಸಂಜೆ ಮನೆಗೆ ತರುತ್ತೇನೆ. ಮನೆಯಲ್ಲಿ ದಾಸ್ತಾನು ಬಹಳ ಇದೆ. ಪುಕ್ಕಟೆ ಕರೆಂಟು ಬಂದಾಗ ಊರೆಲ್ಲ ನೆಮ್ಮದಿಯಿಂದ ಫ್ಯಾನು ಹಾಕಿಕೊಂಡಿತು. ನಾನು ಮಾತ್ರ ಮಿತಿ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆಂಬ ಹೆದರಿಕೆಯಲ್ಲಿ ಗಳಿಗೆಗೊಮ್ಮೆ ಎದ್ದು ಮೀಟರು ನೋಡುತ್ತಿದ್ದೆ. ಫ್ರಿಜ್ಜಿನ ಬಾಗಿಲು ತೆಗೆದವರನ್ನು ಗದರುತ್ತಿದ್ದೆ. ಪುಕ್ಕಟೆ ಗಾಳಿಯ ಕೆಳಗೆ ಕೂತು ಬೆವರುತ್ತಿದ್ದವನು ಇಡೀ ಕೇರಿಯಲ್ಲಿ ನಾನೊಬ್ಬನೇ!

ಆದ್ದರಿಂದ ಅಂದು ಸಂಜೆಯೇ ಬೋಟಿನ ಗಣಪಣ್ಣನ ಜಗಲಿಯಲ್ಲಿ ನನ್ನ ಸುಧಾರಣೆಯನ್ನು ಘೋಷಿಸಿದೆ. ಗಣಪಣ್ಣ ನಮ್ಮ ಪಕ್ಕದ ಮನೆಯವ, ಸ್ವಂತ ಬೋಟಿನಲ್ಲಿ ಮೀನುಗಾರಿಕೆ. ಕೇರಿಯವರೆಲ್ಲ ದಿನವೂ ಹರಟೆಗೆ ಸೇರುವುದು ಅವನ ಜಗಲಿಯಲ್ಲಿ. ನನ್ನ ಚಿಂತೆಗಳನ್ನು ಎದ್ದು ಹೋಗದೆ ಕೇಳುವ ಜನ ಭೂಮಿಯ ಮೇಲೆ ಅಲ್ಲಿ ಮಾತ್ರ ಇದ್ದರು.

"ನಾನೇ ಮೊದಲು ಪುಕ್ಕಟೆ ಕರೆಂಟು ಬಿಡ್ತೆ," ಎಂದೆ. "ಪ್ಲೇಟು ಹಾಕಿಸ್ತೆ. ನಮ್ಮನೆ ಮೀಟರು ಉಲ್ಟಾ ಓಡೂದನ್ನ ನೀವೆಲ್ಲ ಬಂದು ನೋಡಿ. ಮತ್ತೆ ಕೇರಿಯವರೆಲ್ಲ ಸೇರಿ ಸರ್ಕಾರಕ್ಕೆ ಹೇಳ್ವ, ನಮ್ಗೆ ಪುಕ್ಕಟೆ ಬ್ಯಾಡ, ಪ್ಲೇಟು ಕೊಡಿ ಅಂದ್ಕಂಡು."

"ಉಲ್ಟಾ ಓಡದಿದ್ರೆ?" ಎಂದಳು ಎದುರು ಮನೆಯ ಮೋಹಿನಕ್ಕ. ಹಪ್ಪಳ ಮಾಡಿ ಮಾರಿ ಸಂಸಾರ ನಡೆಸುವ ಹೆಂಗಸು. ಮಾತು ಲಟ್ಟಣಿಗೆಯಷ್ಟೇ ನೇರ.

"ಓಡದಿದ್ರೆ ನಾನು ಈ ಜಗಲಿ ಹತ್ತೂದೇ ಇಲ್ಲ!"

ಜಗಲಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದಲ್ಲಿ ಸ್ವಲ್ಪ ಆಸೆ ಇದ್ದಂತೆ ನನಗೆ ಅನುಮಾನ.

ಹೆಂಡತಿ ಸುಮಿತ್ರಾ ಮನೆಯಲ್ಲಿ ಬೇರೆಯೇ ಹೇಳಿದಳು. "ಮೊದ್ಲು ಪ್ಲೇಟು ಬರ್ಲಿ, ಕರೆಂಟು ಕೊಡ್ಲಿ, ಮತ್ತೆ ಬಿಡಿ. ಬುಟ್ಟಿಲಿದ್ದ ಮೀನು ದಾನ ಮಾಡಿ, ಸಮುದ್ರದಲ್ಲಿದ್ದ ಮೀನಿಗೆ ಮಸಾಲೆ ಅರೀತ್ರಾ?"

"ತ್ಯಾಗ ಅಂದ್ರೆ ಮೊದ್ಲು ಮಾಡ್ಬೇಕು ಮಾರಾಯ್ತಿ. ಆಮೇಲೆ ಮಾಡಿದ್ರೆ ಅದು ಲೆಕ್ಕಾಚಾರ," ಎಂದೆ. ವಾಕ್ಯ ನನಗೇ ಬಹಳ ಹಿಡಿಸಿತು. ಮರುದಿನ ಪುಕ್ಕಟೆ ಬಿಡಲು ಹೊನ್ನಾವರದ ಕರೆಂಟು ಕಚೇರಿಗೆ ಹೋದೆ.

ಕಚೇರಿಯ ಕಿಟಕಿಯಲ್ಲಿದ್ದವರು ಕೇಳಿದರು: "ಮನೆ ಮಾರಿದ್ರಾ?"

"ಇಲ್ಲ."

"ಬೇರೆ ಊರಿಗೆ ಹೋಗ್ತ್ರಾ?"

"ಇಲ್ಲ."

"ಮತ್ತೆ ಎಂತಕೆ ಬಿಡೂದು?"

"ದೇಶಕ್ಕೆ," ಎಂದೆ.

ಅವರು ಕನ್ನಡಕ ತೆಗೆದು ನೋಡಿದರು. ಹಾಕಿಕೊಂಡು ನೋಡಿದರು. ಆಮೇಲೆ ಒಳಗಿನವರನ್ನು ಕರೆದರು. ಅವರೂ ಒಬ್ಬೊಬ್ಬರಾಗಿ ಬಂದು ನನ್ನ ದರ್ಶನ ಪಡೆದು ಹೋದರು. ಯಾಣದ ಬಂಡೆಯನ್ನೂ ಜನ ಅಷ್ಟು ತಲೆಯೆತ್ತಿ ನೋಡುವುದಿಲ್ಲ!

ಪ್ಲೇಟು ಬರಲು ತಡವಾಯಿತು. ಬಿಲ್ಲು ಬರಲು ತಡವಾಗಲಿಲ್ಲ. ಸುಮಿತ್ರಾ ಅದನ್ನು ದೇವರ ಪಟದ ಪಕ್ಕದಲ್ಲಿ ಸಿಕ್ಕಿಸಿದಳು. ದಿನವೂ ಅದಕ್ಕೂ ಒಂದು ಹೂವು ಏರಿಸಿದಳು. ಬೈದಿದ್ದರೆ ನಾನು ಇಷ್ಟು ಸೊರಗುತ್ತಿರಲಿಲ್ಲ.

ಅಂತೂ ಹಲಸು ಹಣ್ಣಾಗುವ ಮೊದಲು ಕುಮಟೆಯ ಸೋಲಾರಿನವರು ಬಂದು ತಾರಸಿಯ ಮೇಲೆ ಪ್ಲೇಟು ಕೂರಿಸಿದರು. ನಮ್ಮ ಜಗಲಿಯ ಗೋಡೆಗೆ ಹೊಸ ಮೀಟರು ಬಂತು. ಅದರಲ್ಲಿ ಒಂದು ಪುಟ್ಟ ಬಾಣ. ನಮ್ಮ ಕರೆಂಟು ಹೊರಗೆ ಹೋಗುತ್ತಿದ್ದರೆ ಬಾಣ ಹೊರಗೆ, ಹೊರಗಿನದು ಒಳಗೆ ಬರುತ್ತಿದ್ದರೆ ಬಾಣ ಒಳಗೆ. ಮೊದಲ ದಿನ ಬಾಣ ಹೊರಗಿತ್ತು. ಬದುಕಿನಲ್ಲಿ ಮೊದಲ ಸಲ ನಾನು ಸರ್ಕಾರಕ್ಕೆ ಏನನ್ನಾದರೂ ಕೊಡುತ್ತಿದ್ದೆ! ಬರುವ ಭಾನುವಾರ ಹನ್ನೊಂದು ಗಂಟೆಗೆ ಪ್ರಾತ್ಯಕ್ಷಿಕೆಯೆಂದು ಮನೆಮನೆಗೆ ಹೋಗಿ ಕರೆದು ಬಂದೆ.

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಆದರೆ ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ಆ ಸಂಜೆ ತಲೆಯೆತ್ತಿ ನೋಡಿದರೆ, ಪ್ಲೇಟುಗಳ ಮೇಲಕ್ಕೆ ಬಾಗಿ ನಿಂತಿದೆ ತೆಂಗಿನ ಮರ! ಗೊನೆಗೊನೆ ಕಾಯಿ! ನನ್ನ ಕಿವಿಗೆ ಆಗಲೇ ಗಾಜು ಒಡೆದ ಸದ್ದು ಕೇಳಿಸಿತು.

ಮರ ಕಡಿಯುವ ಮಾತೆತ್ತಿದೆ. "ಮರ ಮುಟ್ಟಿದ್ರೆ ನಾನು ಅಪ್ಪನ ಮನೆಗೆ," ಎಂದಳು ಸುಮಿತ್ರಾ. ಮರ ಹತ್ತುವವರು ಇಂದು ಬತ್ತೆ, ನಾಳೆ ಬತ್ತೆ ಎಂದರು. ಕೊನೆಗೆ ಗಣಪಣ್ಣನ ಹತ್ತಿರ ಹಳೆ ಮೀನಿನ ಬಲೆ ಕೇಳಿ ತಂದು, ಮರದಿಂದ ನೀರಿನ ಟಾಂಕಿಯ ಕಂಬಕ್ಕೆ ಪ್ಲೇಟುಗಳ ಮೇಲೆ ಚಪ್ಪರದಂತೆ ಕಟ್ಟಿದೆ. ಕಾಯಿ ಬಿದ್ದರೆ ಬಲೆಗೆ. ಆದರೆ ಒಂದು ಪದರ ಹರಿದರೆ? ಎರಡನೆಯದು ಕಟ್ಟಿದೆ. ಎರಡೂ ಹರಿದರೆ? ಮೂರನೆಯದು. ಒಣ ಗರಿಗಳು ಬಂದು ಅದರ ಮೇಲೆ ಮಲಗಿದವು. ಕಾಯಿಯೂ ಒಂದೆರಡು ಬಿದ್ದು ಅಲ್ಲೇ ತೂಗಿದವು. ನಾನು ಕೆಳಗೆ ನಿಂತು ಬೀಗಿದೆ.

ಬಾಣ ಒಳಗೆ ತಿರುಗಿತು.

ಕುಮಟೆಗೆ ಫೋನು ಮಾಡಿದೆ. "ಸರ್, ಬಿಸಿಲು ಉಂಟಾ?" ಎಂದರು.

"ಸುಡ್ತಾ ಉಂಟು."

"ಪ್ಲೇಟಿಗೆ ಎಂತಾದ್ರೂ ಅಡ್ಡ ಉಂಟಾ?"

"ಎಂತದೂ ಇಲ್ಲ. ಮೂರು ಬಲೆ ಮಾತ್ರ."

"ಬಲೆ ಎಂತಕೆ ಸರ್?" ಕೇಳಿದರು. ವಿವರಿಸಿದೆ. "ಬಿಸಿಲು ಹಿಡೂಕೆ ಪ್ಲೇಟು ಸಾಕು ಸರ್, ಬಲೆ ಬೇಕಾತಿಲ್ಲೆ," ಎಂದು ಇಟ್ಟುಬಿಟ್ಟರು. ನನಗೆ ಸಿಟ್ಟು ಬಂತು. ಕಾಯಿ ಬಿದ್ದರೆ ಅವರು ಕುಮಟೆಯಲ್ಲಿ ಹಾಯಾಗಿರುತ್ತಾರೆ. ಎದೆ ಒಡೆಯುವುದು ನನ್ನದು! ಆದರೂ ಅವರ ಮಾತಿಗೆ ಅರ್ಧ ಬೆಲೆ ಕೊಟ್ಟು ಎರಡು ಬಲೆ ಬಿಚ್ಚಿ, ಒಂದನ್ನು ಉಳಿಸಿಕೊಂಡೆ. ಗರಿ ಸರಿಸಿದೆ. ಬಾಣ ಒಳಗೆ ಹೊರಗೆ ತೂಗಾಡತೊಡಗಿತು. ಥೇಟ್ ನನ್ನ ಮನಸ್ಸು.

ಭಾನುವಾರ ಬೆಳಗ್ಗೆ ಎದ್ದವನೇ ತಾರಸಿಗೆ ಹೋಗಿ ಪ್ಲೇಟುಗಳನ್ನು ಸೋಪು ಹಾಕಿ ತೊಳೆದೆ. ಧೂಳು ಕೂಡ ಅಡ್ಡ ಬರಬಾರದು. ಕನ್ನಡಿಯಂತೆ ಹೊಳೆಯಿತು. "ಹನ್ನೊಂದು ಗಂಟಿಗೆ ಜನ ಬತ್ರು, ನೀನು ಎಲ್ಲ ತಯಾರಿ ಮಾಡ್ಕ," ಎಂದು ಸುಮಿತ್ರಾಗೆ ಹೇಳಿ, ಭಾಷಣ ಬಾಯಿಪಾಠ ಮಾಡಲು ಕೋಣೆ ಸೇರಿದೆ.

ಹನ್ನೊಂದಕ್ಕೆ ಕೇರಿಯೇ ಬಂತು. ಹೊರಗೆ ಉರಿಬಿಸಿಲು. ಜಗಲಿಯಲ್ಲಿ ನಿಂತು ಹೇಳಿದೆ: "ಮಹನೀಯರೇ, ಪುಕ್ಕಟೆ ಎಂಬುದು ಒಂದು ಅಭ್ಯಾಸ, ಸ್ವಾವಲಂಬನೆ ಎಂಬುದು ಒಂದು ಬಾಣ. ಆ ಬಾಣವನ್ನು ಈಗ ನೋಡಿ!"

ಎಲ್ಲರೂ ನೋಡಿದರು.

"ಒಳಗೇ ಉಂಟಲ್ಲ ಏಜೆಂಟ್ರೆ," ಎಂದ ಗಣಪಣ್ಣ.

ಮೀಟರಿಗೆ ತಟ್ಟಿದೆ. ಬಾಣ ಅಲುಗಲಿಲ್ಲ. ಮೆಟ್ಟಿಲು ಹಾರುತ್ತ ತಾರಸಿಗೆ ಓಡಿದೆ. ಕೇರಿ ನನ್ನ ಹಿಂದೆ ಓಡಿತು.

ಮೇಲೆ ಪ್ಲೇಟುಗಳೇ ಇರಲಿಲ್ಲ! ಇದ್ದವು, ಕಾಣಿಸುತ್ತಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಹಲಸಿನ ಹಪ್ಪಳ! ಹುಣ್ಣಿಮೆಯ ಚಂದ್ರರಂತೆ ಸಾಲುಸಾಲು ಹಪ್ಪಳ! ಅಂಚಿನಲ್ಲಿ ಸುಮಿತ್ರಾ ಮತ್ತು ಮೋಹಿನಕ್ಕ ಕೊನೆಯ ಸಾಲನ್ನು ಹರವುತ್ತಿದ್ದರು.

"ಎಂತ ಮಾಡ್ತಿದ್ರಿ ನೀವು!" ಎಂದು ಕಿರುಚಿದೆ.

"ಎಂತ ಕೂಗ್ತ್ರಿ? ತಯಾರಿ ಮಾಡು ಅಂದ್ರಿ. ಬಂದವ್ರಿಗೆ ಇದ್ದ ಹಪ್ಪಳ ಎಲ್ಲ ಕರಿದಾತು, ಹೊಸದು ಮಾಡೂಕೆ ಬ್ಯಾಡ್ವಾ?" ಎಂದಳು ಸುಮಿತ್ರಾ. "ಪ್ಲೇಟು ನೀವೇ ತೊಳೆದು ಇಟ್ರಿ. ಮೇಲೆ ಬಲೆ ನೀವೇ ಕಟ್ಟಿದ್ರಿ. ಈ ಊರಲ್ಲಿ ಹಳೇ ಬಲೆ ಮೇಲೆ ಕಟ್ಟೂದು ಎಂತಕೆ? ಕಾಕೆ ಬಂದು ಕುಕ್ಬಾರ್ದು ಅಂದ್ಕಂಡು. ಹಪ್ಪಳಕ್ಕಲ್ದೆ ಮತ್ತೆ ಎಂತಕೆ ಹೇಳಿ ನೋಡ್ವ!"

ಬಂದವರೆಲ್ಲ ತಲೆಯಾಡಿಸಿದರು. ತರ್ಕದಲ್ಲಿ ಲೋಪವಿರಲಿಲ್ಲ.

"ಬಾಳ ಚಂದ ಒಣಗ್ತದೆ," ಎಂದಳು ಮೋಹಿನಕ್ಕ, ಒಂದನ್ನು ಎತ್ತಿ ಗಣಪಣ್ಣನಿಗೆ ತೋರಿಸುತ್ತ. "ಚಾಪೆ ಮೇಲೆ ಮೂರು ದಿನ ಬೇಕು. ಇಲ್ಲಿ ನಾಳೆ ಸಂಜಿಗೆ ಆತು."

ನಾನು ಪ್ಲೇಟಿನ ಚೌಕಟ್ಟು ಹತ್ತಿ ಹಪ್ಪಳ ಕೀಳತೊಡಗಿದೆ. ಹಸಿ ಹಪ್ಪಳ ಗಾಜನ್ನು ಬಿಟ್ಟು ನನ್ನ ಅಂಗೈಗೆ ಅಂಟಿತು. ಅಂಗೈ ಕೊಡವಿದೆ. ಕಾಲು ಜಾರಿತು. ಬೀಳುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಬಲೆ!

ತೋಳು, ತಲೆ, ಒಂದು ಕಾಲು ಒಳಗೆ. ಇನ್ನೊಂದು ಕಾಲು ಮಾತ್ರ ಸ್ವತಂತ್ರ. ಒದ್ದಾಡಿದಷ್ಟೂ ಬಿಗಿಯಿತು.

"ಅಲ್ಲಾಡ್ಬ್ಯಾಡಿ!" ಗಣಪಣ್ಣ ವೃತ್ತಿಗಾಂಭೀರ್ಯದಿಂದ ಮುಂದೆ ಬಂದ. "ಅಲ್ಲಾಡಿದ್ರೆ ಬಲೆ ಕಣ್ಣು ಬಿಗಿ ಆತದೆ. ದೊಡ್ಡ ಮೀನೂ ಹೀಂಗೇ ಮಾಡೂದು."

"ಇದ್ಕೆ ಮಾರ್ಕೆಟ್ಟಲ್ಲಿ ರೇಟ್ ಸಿಕ್ಕೂದಿಲ್ಲ ಗಣಪಣ್ಣ, ವಾಪಸ್ ಬಿಟ್ಬಿಡು," ಎಂದಳು ಮೋಹಿನಕ್ಕ. ಸುಮಿತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಮೇಲಿನ ಗೌರವದಿಂದ ಅಲ್ಲ.

ಗಣಪಣ್ಣ ಚೂರಿಯಿಂದ ಹಗ್ಗ ಕೊಯ್ದ. ಬಲೆ, ಗರಿ, ಬಲೆಯಲ್ಲಿ ತೂಗುತ್ತಿದ್ದ ಕಾಯಿ, ನಾನು, ಎಲ್ಲ ಒಟ್ಟಿಗೆ ಇಳಿದೆವು. ಕಾಯಿ ಧಡ್ ಎಂದು ಪ್ಲೇಟಿನ ಮೇಲೇ ಬಿತ್ತು. ಕಣ್ಣು ಮುಚ್ಚಿಕೊಂಡೆ. ಇಷ್ಟು ದಿನ ನಾನು ಹೆದರಿದ್ದ ಗಳಿಗೆ ಬಂದೇಬಿಟ್ಟಿತ್ತು!

ಗಾಜಿಗೆ ಗೀರು ಕೂಡ ಬೀಳಲಿಲ್ಲ. ಕಾಯಿ ಉರುಳಿ ಬಂದು ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಅಲ್ಲಿ ಮಾತ್ರ ಸದ್ದಾಯಿತು.

ಅಷ್ಟರಲ್ಲಿ ಕೇರಿಯವರು ಹಪ್ಪಳ ಬಿಡಿಸಿ ಚಾಪೆಗೆ ಹಾಕಿದ್ದರು. ಕೆಳಗಿನಿಂದ ಯಾರೋ ಕೂಗಿದರು: "ಬಾಣ ಹೊರಗೆ ಬಂತು!" ಎಲ್ಲರೂ ನನ್ನನ್ನು ಅಲ್ಲೇ ಬಿಟ್ಟು ಇಳಿದು ಓಡಿದರು. ಮೀಟರಿನ ಮುಂದೆ ಚಪ್ಪಾಳೆ ಬಿತ್ತು. ಬಲೆ ಇಲ್ಲ, ಹಪ್ಪಳ ಇಲ್ಲ, ಮುಖ್ಯವಾಗಿ ನಾನು ಇಲ್ಲ. ಕರೆಂಟು ಸರಾಗವಾಗಿ ಹರಿಯುತ್ತಿತ್ತು. ಪಂಥವೇನೋ ಗೆದ್ದೆ. ಆದರೆ ಅಂದು ಸಂಜೆ ಗಣಪಣ್ಣನ ಜಗಲಿ ಹತ್ತಲು ಬೆರಳು ಒಪ್ಪಲಿಲ್ಲ.

ನನ್ನ ಸುಧಾರಣೆ ನಿಲ್ಲಲಿಲ್ಲ ಎಂಬುದನ್ನು ವಿನಯದಿಂದ ದಾಖಲಿಸುತ್ತೇನೆ. ಸೋಲಾರಿನ ಬಗ್ಗೆ ಜನರ ಅಭಿಪ್ರಾಯ ಕೇಳಲು ಪಂಚಾಯಿತಿಯಲ್ಲಿ ಸಭೆ ಇಟ್ಟರು, ಅಧಿಕಾರಿಗಳು ಬಂದರು. ನಾನು ಭಾಷಣದ ಸಮೇತ ಮುಂದಿನ ಸಾಲಿನಲ್ಲಿ ಕೂತಿದ್ದೆ. ಕೇರಿಯ ಪರವಾಗಿ ಮಾತಾಡಲು ಎದ್ದು ನಿಂತವನು ಗಣಪಣ್ಣ.

"ಸಾಹೇಬ್ರೆ, ನಮ್ ಕೇರಿಯವ್ರೆಲ್ಲ ಪ್ಲೇಟಿಗೆ ತಯಾರು," ಎಂದ. "ಆದ್ರೆ ಮೊದ್ಲು ಪ್ಲೇಟು ಕೊಡಿ, ಅದು ಸಮಾ ನಡೀಲಿ. ಪುಕ್ಕಟೆ ಆಮೇಲೆ ತೆಗೀರಿ. ಮೊದ್ಲೇ ತೆಗೆದ್ರೆ ಮೋಹಿನಕ್ಕನಂಥವ್ರು ನಡೂಮಧ್ಯ ಕತ್ತಲಲ್ಲಿ ಕೂರೂದು ಹೆಂಗೆ?"

"ಒಳ್ಳೆಯ ಮಾತು," ಎಂದರು ಅಧಿಕಾರಿಗಳು, ಪೆನ್ನು ತೆಗೆಯುತ್ತ. "ಇದನ್ನೆಲ್ಲ ಹೇಗೆ ಯೋಚಿಸಿದಿರಿ?"

"ಯೋಚ್ನೆ ಎಂತದೂ ಇಲ್ಲ. ನಮ್ ಏಜೆಂಟ್ರು ಒಬ್ರು ಇದ್ದಾರಲ್ಲ. ಅವ್ರು ಮಾಡಿದ್ದನ್ನ ನೋಡ್ಕಂಡು ಎಲ್ಲ ಉಲ್ಟಾ ಮಾಡೂದು, ಅಷ್ಟೇ."

ಅಧಿಕಾರಿಗಳಿಗೆ ಕುತೂಹಲವಾಯಿತು. "ಅವರು ಇಲ್ಲಿಗೆ ಬಂದಿದ್ದಾರೆಯೇ?"

ಇಡೀ ಸಭೆ ನನ್ನತ್ತ ತಿರುಗಿತು. ಬೇರೆ ದಾರಿಯಿರಲಿಲ್ಲ. ಪಟ್ಟಿ ಸುತ್ತಿದ ಬೆರಳನ್ನು ಜೋಪಾನವಾಗಿ ಊರಿ, ಎದ್ದು ನಿಂತು, ದೇಶದ ಪರವಾಗಿ ಕೈಮುಗಿದೆ.