ದಪ್ಪಣ್ಣನ ಹೊಟ್ಟೆಯ ಹಂಚಿಕೆ

ಖಾಲಿ ಇರುವ ಯಾವುದೇ ಜಾಗವನ್ನು ಪರಿಶೀಲಿಸದೆ ತೆಗೆದುಹಾಕತಕ್ಕದ್ದಲ್ಲ ಎಂಬುದು ನಮ್ಮ ಸ್ಥಳ ಹಂಚಿಕೆ ಕಚೇರಿಯ ಮೂಲ ನಿಯಮ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಬ್ಬರು ಟೈಪಿಸ್ಟರು ಕೂತಿದ್ದಾರೆ. ಕೆಟ್ಟು ನಿಂತ ಲಿಫ್ಟಿನಲ್ಲಿ ದೂರು ವಿಭಾಗ ಚೆನ್ನಾಗಿಯೇ ನಡೆಯುತ್ತಿದೆ. ಹೀಗಿರುವಾಗ ದಪ್ಪಣ್ಣನ ಹೊಟ್ಟೆಗೆ ಮಾತ್ರ ಬೇರೆ ನ್ಯಾಯ ಮಾಡಲಾದೀತೇ?

ದಪ್ಪಣ್ಣ ನಮ್ಮ ಟಪಾಲು ಗುಮಾಸ್ತ. ಗುಂಡಿಗೆ ಕೈಕೊಡುತ್ತದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಬಾಯಿ ಕಟ್ಟಿ, ನಡೆದೂ ನಡೆದೂ ಅರ್ಧಕ್ಕರ್ಧ ಇಳಿದ. ಹೆಸರು ಮಾತ್ರ ಹಾಗೇ ಉಳಿಯಿತು. ಅದನ್ನು ಬದಲಿಸುವುದು ನಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಚರ್ಮವೂ ಉಳಿಯಿತು. ಹೊಟ್ಟೆಯದು ತೊಡೆಯವರೆಗೆ ಜೋತುಬಿದ್ದಿತ್ತು. ಅದನ್ನು ಮಡಚಿ ಪ್ಯಾಂಟಿನೊಳಗೆ ತುರುಕಿ, ಮೇಲೊಂದು ಅಗಲದ ಪಟ್ಟಿ ಬಿಗಿದುಕೊಂಡು ಬರುತ್ತಿದ್ದ. ಮಡಿಕೆಯೊಳಗೆ ಬೆವರು ನಿಂತು ಹುಣ್ಣಾಗುತ್ತಿತ್ತು. ಪಾಪ, ಉರಿ ತಾಳಲಾರದೆ ನಿಂತೇ ಕೆಲಸ ಮಾಡುತ್ತಿದ್ದ. ಹೆಂಡತಿ ದಿನಾ ಬೆಳಿಗ್ಗೆ ಮಡಿಕೆ ಎತ್ತಿ, ತೊಳೆದು, ಒರೆಸಿ, ಪುಡಿ ಹಚ್ಚಿ ಕಳಿಸುತ್ತಿದ್ದಳು. ಆಪರೇಷನ್ ಮಾಡಿಸಿ ಆ ಚರ್ಮವನ್ನೇ ತೆಗೆಸಿಬಿಡೋಣ ಎಂದು ಗಂಡ ಹೆಂಡತಿ ತೀರ್ಮಾನಿಸಿದರು. ಅವನು ರಜೆ ಕೇಳಲು ಸಾಹೇಬರ ಕೋಣೆಗೆ ಹೋದ.

ಸಾಹೇಬರು ಮರುಕದ ಮನುಷ್ಯರು. "ಕೂತ್ಕೊಳಪ್ಪ" ಅಂದರು.

"ಕೂರೋಕ್ಕಾಗಲ್ಲ ಸಾರ್. ಅದಕ್ಕೇ ಬಂದಿದ್ದು. ಈ ಚರ್ಮ ತೆಗೆಸ್ತೀನಿ, ರಜೆ ಬೇಕು."

"ತೆಗೆಸ್ತೀನಿ ಅಂತೀಯಲ್ಲ, ಒಳಗೇನಿದೆ?"

"ಏನೂ ಇಲ್ಲ ಸಾರ್. ಖಾಲಿ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಖಾಲಿ ಎಂದು ತಿಳಿದ ಮೇಲೂ ಸುಮ್ಮನಿರಲು ಸಾಹೇಬರೇನು ಬೇಜವಾಬ್ದಾರಿ ಮನುಷ್ಯರೇ? ಮಧ್ಯಾಹ್ನವೇ ಅಳತೆಗಾರ ಟೇಪು ಟಾರ್ಚು ಹಿಡಿದು ಬಂದ. ಮಡಿಕೆಯೊಳಗೆ ಇಣುಕಿ ವರದಿ ಒಪ್ಪಿಸಿದ: "ಸದರಿ ಜಾಗವು ಮಳೆ ಬಿಸಿಲಿನಿಂದ ರಕ್ಷಿತವಾಗಿದ್ದು, ಕಚೇರಿಯ ವೇಳೆಯಲ್ಲಿ ಕಚೇರಿಯಲ್ಲೇ ಇರುತ್ತದೆ. ತೇವ ಕೊಂಚ ಹೆಚ್ಚು. ಹಂಚಿಕೆಗೆ ಯೋಗ್ಯ."

ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಿದ್ದದ್ದೇ ತಡ, ನೂಕುನುಗ್ಗಲು. ಊಟದ ಡಬ್ಬಿ ಬೆಚ್ಚಗಿಡಲು ತನಗೆ ಬೇಕೆಂದು ಖಜಾಂಚಿ ಕೇಳಿದ. ಸ್ವಂತ ಉಪಯೋಗ ಎಂದು ತಿರಸ್ಕರಿಸಲಾಯಿತು. ನಮ್ಮಲ್ಲಿ ಅಂಥ ಅನ್ಯಾಯ ನಡೆಯುವುದಿಲ್ಲ. ಕೊನೆಗೆ ಜಾಗ ಮೊಹರು ವಿಭಾಗಕ್ಕೆ ದಕ್ಕಿತು. ಅವರ ಬೀರುವಿನೊಳಗೆ ಹೊಸದಾಗಿ ಬಂದ ಉಪಾಧಿಕಾರಿಯನ್ನು ಕೂರಿಸಿದ್ದರಿಂದ ಅವರು ಬೀದಿಗೆ ಬಿದ್ದಿದ್ದರು.

ಅಂದಿನಿಂದ ಕಚೇರಿಯ ರಬ್ಬರ್ ಮೊಹರುಗಳೆಲ್ಲ ದಪ್ಪಣ್ಣನ ಮಡಿಕೆಯಲ್ಲಿ. ಯಾರಿಗಾದರೂ ಮೊಹರು ಬೇಕಾದರೆ, "ದಪ್ಪಣ್ಣ, ಸ್ವಲ್ಪ ಎತ್ತಪ್ಪ" ಅಂದರಾಯಿತು. ಹೇಳಬೇಕಾದ ಮಾತು ಹೇಳಿಬಿಡುತ್ತೇನೆ, ಕೆಲಸ ಚುರುಕಾಯಿತು. ಮೊದಲು ಮೊಹರು ಹುಡುಕುವುದರಲ್ಲೇ ಸಂಜೆಯಾಗುತ್ತಿತ್ತು.

ದಪ್ಪಣ್ಣ ಮತ್ತೆ ಸಾಹೇಬರ ಬಳಿ ಹೋದ. "ಸಾರ್, ಪ್ರಾಣ ಹೋಗೋ ಹಾಗೆ ಉರೀತಿದೆ. ರಜೆ ಕೊಟ್ಟುಬಿಡಿ."

"ಮೊದಲೇ ಆಗಿದ್ರೆ ಕೊಡಬಹುದಿತ್ತು ಕಣಪ್ಪ. ಈಗ ಅಲ್ಲೊಂದು ವಿಭಾಗ ನಡೀತಿದೆ. ಅವರನ್ನ ಎಬ್ಬಿಸಿ ಎಲ್ಲಿಗೆ ಕಳಿಸ್ಲಿ?"

"ಹೊಟ್ಟೆ ನಂದಲ್ವಾ ಸಾರ್?"

"ಅಲ್ಲ ಅಂದೋರ್ಯಾರು? ಬೇಕಿದ್ರೆ ಮತ್ತೆ ದಪ್ಪ ಆಗು. ಜಾಗ ಭರ್ತಿಯಾಗಿದೆ ಅಂತ ನಾನೇ ಬರೆದುಕೊಡ್ತೀನಿ."

ಇದಕ್ಕಿಂತ ಉದಾರವಾಗಿ ಯಾವ ಅಧಿಕಾರಿ ಮಾತಾಡಿಯಾನು?

ಕಚೇರಿ ಮುಚ್ಚಿದ ಮೇಲೆ ಮೊಹರುಗಳು ದುರುಪಯೋಗವಾಗಬಾರದಲ್ಲ, ಅದಕ್ಕಾಗಿ ದಿನಾ ಸಂಜೆ ಮಡಿಕೆಗೆ ಅಂಟುಪಟ್ಟಿ ಸುತ್ತಿ ಅರಗು ಹಾಕಿ ಕಳಿಸುವ ಪದ್ಧತಿ ಬಂತು. ಮಾರನೆಯ ಬೆಳಿಗ್ಗೆಯೇ ದಪ್ಪಣ್ಣನ ಹೆಂಡತಿ ಪುಡಿಯ ಡಬ್ಬಿ ಹಿಡಿದು ಕಚೇರಿಗೆ ನುಗ್ಗಿದಳು.

"ನನ್ನ ಗಂಡನ ಹೊಟ್ಟೆ ರೀ ಅದು! ತೊಳೆದು ಪುಡಿ ಹಚ್ಚೋದು ಬೇಡ್ವಾ? ಒಳಗೆ ಕೊಳೀತಿದೆ, ಕಣ್ಣು ಕಾಣಲ್ವಾ ನಿಮಗೆ?"

ಮೊಹರು ವಿಭಾಗದ ಮುಖ್ಯಸ್ಥರು ತಾಳ್ಮೆ ಕಳೆದುಕೊಳ್ಳಲಿಲ್ಲ. "ಹಚ್ಚಿ ತಾಯಿ, ಯಾರು ಬೇಡ ಅಂದ್ರು? ಹೊರಗಿನವರು ಒಳಗೆ ಕೈ ಹಾಕೋಕೆ ಅನುಮತಿ ಬೇಕು, ಅಷ್ಟೆ."

"ನಾನು ಹೊರಗಿನವಳಾ?"

"ಈ ಕಚೇರಿಯ ನೌಕರರಲ್ವಲ್ಲಮ್ಮ ನೀವು."

ಅವಳು ಅತ್ತಳು, ಬೈದಳು, ನಿಮ್ಮ ಮನೆ ಹಾಳಾಗಲಿ ಎಂದು ನಮಗೆ ಶಾಪ ಹಾಕಿದಳು. ನಾವು ಬೇಸರ ಮಾಡಿಕೊಳ್ಳಲಿಲ್ಲ. ಅನುಮತಿ ಮಂಜೂರಾಯಿತು: ಪ್ರತಿದಿನ, ಕಚೇರಿಯ ವೇಳೆಯಲ್ಲಿ, ಸಾರ್ವಜನಿಕರ ಸಾಲಿನಲ್ಲಿ ಬಂದು ಹಚ್ಚತಕ್ಕದ್ದು.

ಈಗ ಅವಳು ದಿನಾ ಬರುತ್ತಾಳೆ. ಮೊನ್ನೆ ಸಾಲು ಹೊರಗಿನ ಗೇಟಿನವರೆಗೂ ಇತ್ತು. ಗಂಡ ಹಲ್ಲು ಕಚ್ಚಿಕೊಂಡು ನಿಂತಿದ್ದು ದೂರದಿಂದಲೇ ಕಂಡು, ತಡೆಯಲಾರದೆ ನೇರ ಮುಂದಕ್ಕೆ ಬಂದಳು. ಸಾಲಿನಲ್ಲಿದ್ದ ಒಬ್ಬ ಹಿರಿಯರು ಸಿಡುಕಿದರು: "ಏನಮ್ಮಾ, ನಾವೆಲ್ಲ ಮೊಹರಿಗೆ ಕಾಯ್ತಿಲ್ವಾ? ಸಂಬಂಧ ಹೇಳ್ಕೊಂಡು ಮುಂದೆ ನುಗ್ತಾರೆ!"

ದಪ್ಪಣ್ಣ ಎರಡು ಕೈಯಲ್ಲೂ ಮಡಿಕೆ ಎತ್ತಿ ಹಿಡಿದುಕೊಂಡೇ ಹೆಂಡತಿಯ ಕಡೆ ತಿರುಗಿದ.

"ಅವರು ಹೇಳೋದು ಸರಿ ಕಣೇ. ಹಿಂದೆ ಹೋಗಿ ನಿಂತ್ಕೋ."

ಅವಳು ಹೋಗಿ ನಿಂತಳು.