ಪಂಕ್ತಿಭೇದ

ಅಂಗನವಾಡಿಯ ಜಗುಲಿಯಲ್ಲಿ ಮೊರದ ತುಂಬ ಹರಡಿದ್ದ ಬಿಳಿ ಗುಳಿಗೆಗಳನ್ನು ಕಂಡು ಡಾಕ್ಟರ್ ವಂಶಿಕೃಷ್ಣ ಹೌಹಾರಿದ.

ಅವನು ಕೋಲಾರದ ಮೆಡಿಕಲ್ ಕಾಲೇಜೊಂದರ ಮೇಷ್ಟ್ರು. ಪರೀಕ್ಷೆಯಲ್ಲಿ ಸಾಬೀತಾದ ಮದ್ದನ್ನೇ ರೋಗಿಗೆ ಕೊಡಬೇಕೆಂಬ ವಿದ್ಯೆಯನ್ನು ಕೆನಡಾಕ್ಕೆ ಹೋಗಿ ಕಲಿತು ಬಂದಿದ್ದ. ಅಲ್ಲಿನ ವಿಶ್ವವಿದ್ಯಾಲಯದ ಜೊತೆ ಸೇರಿ, ಮುಳಬಾಗಿಲಿನ ಹತ್ತಿರದ ಈ ಹಳ್ಳಿಯಲ್ಲಿ ಮಂಡಿನೋವಿನ ಹೊಸ ಗುಳಿಗೆಯ ಪರೀಕ್ಷೆ ನಡೆಸಿದ್ದ. ಅರ್ಧ ಹೆಂಗಸರಿಗೆ ಕೆಂಪು ಡಬ್ಬಿಯದು, ಉಳಿದವರಿಗೆ ನೀಲಿ ಡಬ್ಬಿಯದು. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಹಿಟ್ಟು. ಯಾವುದರಲ್ಲಿ ಯಾವುದೆಂದು ಅವನಿಗೂ ಗೊತ್ತಿಲ್ಲ. ಇಷ್ಟನ್ನೂ ಹೇಳಿಯೇ ಎಲ್ಲರ ಒಪ್ಪಿಗೆ ಪಡೆದಿದ್ದ. ಕೆನಡಾದ ಪ್ರೊಫೆಸರ್ ಹೆಲೆನ್ ಇವತ್ತು ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಕಾಲೇಜಿಗೊಂದು ಹೊಸ ವಿಭಾಗ, ಅದರ ಮುಖ್ಯಸ್ಥನ ಕುರ್ಚಿ ಅವನಿಗೆ.

"ಏನಮ್ಮಾ ಇದು? ಎರಡು ಡಬ್ಬೀನೂ ಬೆರೆಸಿಬಿಟ್ರಾ?"

ಡಬ್ಬಿಗಳ ಉಸ್ತುವಾರಿ ಹೊತ್ತಿದ್ದ ದೊಡ್ಡಗಂಗಮ್ಮ ಎಲೆಯಡಿಕೆ ಉಗಿದು ಬಂದಳು. "ಮೊದಲ್ನೇ ವಾರದಿಂದ್ಲೂ ಬೆರೆಸೇ ಹಂಚ್ತಿದೀನಿ ನಾಯನಾ. ನಮ್ಮ ವಾರಗಿತ್ತಿ ಔಷ್ದಿ ತಿನ್ನೋದು, ನಾನು ಹಿಟ್ಟು ತಿನ್ನೋದಾ? ಒಂದೇ ಊರಲ್ಲಿ ಪಂಕ್ತಿಭೇದ ಮಾಡಿದ್ರೆ ಒಳ್ಳೇದಾಗ್ತದಾ?"

"ಅಯ್ಯೋ, ನನ್ನ ಪರೀಕ್ಷೆ ಮುಳುಗೋಯ್ತಲ್ಲಮ್ಮಾ!"

"ಯಾಕ್ ಮುಳುಗ್ತದೆ? ಎಲ್ಲರ ಮಂಡೀನೂ ವಾಸಿಯಾಗೈತೆ, ನೋಡು." ದೊಡ್ಡಗಂಗಮ್ಮ ಕುಕ್ಕರುಗಾಲಲ್ಲಿ ಕೂತು, ಕಾದ ಎಣ್ಣೆಯಲ್ಲಿ ಪೂರಿ ಏಳುವಂತೆ ಎದ್ದಳು. ಜಗುಲಿಯಲ್ಲಿದ್ದ ಹೆಂಗಸರೆಲ್ಲ ಕೂತು ಎದ್ದು ತೋರಿಸಿದರು.

ಅಷ್ಟರಲ್ಲಿ ಜೀಪು ಬಂತು. ವಂಶಿಕೃಷ್ಣ ಗಡಿಬಿಡಿಯಲ್ಲಿ ತನ್ನ ಬಿಳಿ ಕೋಟನ್ನು ಬಿಚ್ಚಿ ಮೊರದ ಮೇಲೆ ಮುಚ್ಚಿದ. "ಕೊಳೆಯಾಗ್ತದೆ ನಾಯನಾ" ಎಂದು ದೊಡ್ಡಗಂಗಮ್ಮ ಕೋಟನ್ನೆತ್ತಿ ಮಡಿಸಿಟ್ಟು, ಮೊರವನ್ನು ಹೆಲೆನ್ ಮುಂದೆಯೇ ಹಿಡಿದಳು. "ತಗೋಮ್ಮಾ, ನಿಂಗೂ ಎರಡು."

ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ವಂಶಿಕೃಷ್ಣ ತೊದಲುತ್ತ ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಕೊಂಡ. ಹೆಲೆನ್ ಮೊರವನ್ನೇ ದಿಟ್ಟಿಸುತ್ತ ಹೇಳಿದರು:

"ನಾನು ಬಂದಿರುವುದೂ ಒಂದು ತಪ್ಪೊಪ್ಪಿಕೊಳ್ಳಲಿಕ್ಕೇ. ಔಷಧಿಯ ಪೆಟ್ಟಿಗೆ ಇನ್ನೂ ಚೆನ್ನೈ ಬಂದರಿನಲ್ಲೇ ಇದೆ. ನಮ್ಮವರ ಎಡವಟ್ಟಿನಿಂದ ನಿಮಗೆ ಬಂದದ್ದು ಎರಡೂ ಹಿಟ್ಟಿನ ಗುಳಿಗೆಯೇ."

ಹಾಗಾದರೆ ಬೆರೆಸಿದ್ದರಿಂದ ಕೆಟ್ಟದ್ದೇನೂ ಇಲ್ಲ; ವಂಶಿಕೃಷ್ಣನಿಗೆ ಹೋದ ಜೀವ ಬಂತು. ಖುಷಿ ತಡೆಯಲಾರದೆ ಹೆಂಗಸರತ್ತ ತಿರುಗಿ ಕೂಗಿದ: "ಬಚಾವಾದೆ ಕಣಮ್ಮಾ! ಎರಡರಲ್ಲೂ ಇದ್ದಿದ್ದು ಬರೀ ಹಿಟ್ಟಂತೆ!"

 ದೊಡ್ಡಗಂಗಮ್ಮ ಕೈಲಿದ್ದ ಮೊರವನ್ನು ಕೆಳಗಿಟ್ಟಳು.

"ಬರೀ ಹಿಟ್ಟಾ? ಅಯ್ಯೋ ದೇವುಡಾ, ಹಿಡ್ಕೊಂತು!" ಎಂದು ಮಂಡಿ ಒತ್ತಿಕೊಂಡು ಕುಸಿದಳು. ಅವಳ ಹಿಂದೆ ವಾರಗಿತ್ತಿ, ಅವಳ ಹಿಂದೆ ಉಳಿದವರು. ನರಳುತ್ತ ತೆವಳಿಕೊಂಡು ಹೋಗಿ ಎಲ್ಲರೂ ಜೀಪಿಗೆ ಅಡ್ಡಲಾಗಿ ಕೂತರು.

"ಓಡಾಡೋರನ್ನ ಕುಂಟ್ರು ಮಾಡಿದ್ಯಲ್ಲಪ್ಪಾ! ನಮ್ಮ ಮಂಡಿ ಸರಿ ಮಾಡ್ದೆ ಜೀಪು ಹೆಂಗ್ ಹೋಗ್ತದೋ ನೋಡ್ತೀವಿ!"

ವಂಶಿಕೃಷ್ಣ ಓಡಿ ಬಂದು ಅವರ ಮುಂದೆ ನಿಂತ. ಕೈ ಮುಗಿದ. "ತಮಾಷೆಗೆ ಅಂದೆ ಕಣ್ರಮ್ಮಾ! ಎರಡರಲ್ಲೂ ಔಷ್ದೀನೇ ಇದ್ದಿದ್ದು. ಹಿಟ್ಟು ಇರಲೇ ಇಲ್ಲ. ನಮ್ಮಮ್ಮನಾಣೆ!"

ದೊಡ್ಡಗಂಗಮ್ಮ ಒಂದು ಕಾಲು ಚಾಚಿದಳು, ಮಡಿಸಿದಳು, ಎದ್ದಳು. ಉಳಿದವರೂ ಸೀರೆ ಕೊಡವಿಕೊಂಡು ಎದ್ದು ಜೀಪಿಗೆ ದಾರಿ ಬಿಟ್ಟರು.

ಕನ್ನಡ ಬಾರದ ಹೆಲೆನ್ ಕಣ್ಣರಳಿಸಿ ಅವನ ಕೈ ಹಿಡಿದು ಕುಲುಕಿದರು. "ಎಂಥ ಮದ್ದು! ಗುಳಿಗೆಯ ಪರೀಕ್ಷೆ ಬಿಟ್ಟುಬಿಡಿ. ನೀವೀಗ ಆಡಿದ ಮಾತನ್ನೇ ಇನ್ನೂ ನಾಲ್ಕು ತಾಲ್ಲೂಕಿನಲ್ಲಿ ಪರೀಕ್ಷಿಸೋಣ. ನಾಡಿದ್ದು ವೈದ್ಯರ ಸಮ್ಮೇಳನದಲ್ಲಿ ಅದನ್ನು ನಿಮ್ಮ ಹೆಸರಿನಲ್ಲೇ ಓದುತ್ತೇನೆ. ಅವರಿಗೆ ಏನು ಹೇಳಿದಿರೋ, ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಬರೆದುಕೊಡಿ."