ಐದು ಪೌಂಡ್ ರೆಗೆ

ಎಲ್ಲಕ್ಕೂ ಕಾರಣ ದ್ವಾರಕಾನಾಥರ ಕಿವಿ. ೧೯೭೦ರ ಒಂದು ಶನಿವಾರ ಬೆಳಿಗ್ಗೆ ಹ್ಯಾರಿಸನ್ ಊರಿನ ಬಾಡಿಗೆ ಮನೆಯ ಮೇಲಿನ ಅಂತಸ್ತಿನಿಂದ ಧಡಧಡ ಇಳಿದು ಬಂದವರೇ, "ಜಯತೀರ್ಥ, ನಿಮ್ಮ ಕಷ್ಟ ಮುಗೀತು ಕಣ್ರೀ!" ಎಂದರು.

ಜಯತೀರ್ಥನ ಕಷ್ಟ ಇಡೀ ಕಟ್ಟಡಕ್ಕೆ ಗೊತ್ತಿತ್ತು. ಬಸುರಿ ಹೆಂಡತಿ ರಮಾಮಣಿಗೆ ಹದಿನೈದು ದಿನದಿಂದ ಹೊಟ್ಟೆಯಲ್ಲಿ ತುತ್ತು ನಿಲ್ಲುತ್ತಿರಲಿಲ್ಲ. ಬಾಯಿಬಿಟ್ಟರೆ ರಾಗಿರೊಟ್ಟಿ ಎನ್ನುತ್ತಿದ್ದಳು. ಬತ್ತಿದ ಅವಳ ಮುಖ ನೋಡಿದಾಗಲೆಲ್ಲ ಅವನಿಗೆ ಅಳುವೇ ಬರುತ್ತಿತ್ತು.

"ಬ್ರೂಕ್ಲಿನ್‌ನಲ್ಲಿ ಜಮೈಕಾದವರ ಅಂಗಡೀಲಿ ರಾಗಿ ಸಿಗತ್ತೆ. ಹೊಸ ರೆಗೆ ಬಂದಿದೆ ಅಂತ ಬಸ್ಸಲ್ಲಿ ಇಬ್ರು ಮಾತಾಡ್ತಿದ್ರು. ಫೋನ್ ನಂಬರ್ ಕೇಳಿ ತಂದಿದೀನಿ."

"ರೆಗೆ ಅಂದ್ರೆ ರಾಗೀನಾ?"

"ಇಲ್ಲಿಯವರ ಬಾಯಲ್ಲಿ ಜಯತೀರ್ಥ ಹೋಗಿ ಜೇ ಆಗಿಲ್ವೇನ್ರೀ? ಹಾಗೇ ಇದೂ."

ಜಯತೀರ್ಥ ಆಗಲೇ ಫೋನ್ ಮಾಡಿದ. ಅಂಗಡಿಯ ಟೋನಿ, "ರೆಗೆ ತಾನೆ? ಬೇಕಾದಷ್ಟಿದೆ. ನಿನ್ನೆ ತಾನೇ ಕಿಂಗ್‌ಸ್ಟನ್ನಿಂದ ಬಂತು," ಎಂದ.

"ಕಪ್ಪಗಿರುತ್ತಲ್ಲವೆ?"

"ಕಪ್ಪಗಲ್ಲದೆ ಇನ್ನು ಹೇಗಿರುತ್ತೆ!"

"ಹಾಗಾದರೆ ಐದು ಪೌಂಡ್ ಕಟ್ಟಿಡಿ."

ಟೋನಿ ಬಿದ್ದು ಬಿದ್ದು ನಕ್ಕ. ತೂಕದ ಲೆಕ್ಕದಲ್ಲಿ ಕೇಳಿದ ಗಿರಾಕಿ ಇವನೇ ಮೊದಲಂತೆ.

ಎರಡು ರೈಲು ಬದಲಿಸಿ ಹೋದರೆ, ಅಂಗಡಿಯ ಮುಂದೆ ಗೆಣಸು, ಒಣಮೀನು. ಒಳಗೆ ಕಿವಿ ಕಿತ್ತುಹೋಗುವ ಹಾಡು. ಟೋನಿಯ ಪಕ್ಕದಲ್ಲಿ ಒಂದು ಗಿಳಿ ಕಾಳು ಕುಟುಕುತ್ತಿತ್ತು. ದಿನಸಿ ಅಂಗಡಿಯೇ ಸರಿ ಎಂದುಕೊಂಡ ಜಯತೀರ್ಥ ಕಟ್ಟಿಟ್ಟಿದ್ದ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದ.

ಮನೆಯಲ್ಲಿ ದ್ವಾರಕಾನಾಥರ ಹೆಂಡತಿ ಪಂಕಜಾ ಈರುಳ್ಳಿ ಹೆಚ್ಚಿಟ್ಟು, ಬಾಣಲೆಗೆ ಎಣ್ಣೆ ಸವರಿ ಕಾಯುತ್ತಿದ್ದರು. ರಮಾಮಣಿ ಎಷ್ಟೋ ದಿನದ ಮೇಲೆ ತಲೆ ಬಾಚಿಕೊಂಡಿದ್ದಳು. ಪೆಟ್ಟಿಗೆ ಬಿಚ್ಚಿದರೆ ಕರ್ರಗೆ ಮಿರುಗುವ ಗ್ರಾಮಫೋನ್ ತಟ್ಟೆಗಳು! ರೆಗೆ ಎಂದರೆ ಜಮೈಕಾದ ಹೊಸ ಸಂಗೀತವೆಂದು ಅವುಗಳ ಲಕೋಟೆಯ ಮೇಲೇ ಅಚ್ಚಾಗಿತ್ತು.

"ಇದನ್ನ ತಟ್ಟೋದು ಹೇಗ್ರೀ?" ಎಂದರು ಪಂಕಜಾ.

ರಮಾಮಣಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದ್ವಾರಕಾನಾಥರಿಗೆ ಮಾತ್ರ ಯಾವ ನಾಚಿಕೆಯೂ ಇಲ್ಲ. "ತಂದಿದ್ದು ತಂದಾಯ್ತು, ಕೇಳೋಣ," ಎಂದು ಮೂಲೆಯಲ್ಲಿದ್ದ ಗ್ರಾಮಫೋನಿಗೆ ಒಂದು ತಟ್ಟೆ ಹಾಕಿಯೇಬಿಟ್ಟರು. ಹೆಂಡತಿ ಉಪವಾಸ ಮಲಗಿರುವಾಗ ಮನೆಯಲ್ಲಿ ಕುಣಿತದ ಹಾಡು! ಜಯತೀರ್ಥನಿಗೆ ತಡೆಯಲಾಗಲಿಲ್ಲ. ಹಾಡುತ್ತಿದ್ದ ತಟ್ಟೆಯನ್ನೂ ಕಿತ್ತು ಪೆಟ್ಟಿಗೆಗೆ ತುರುಕಿ ಮತ್ತೆ ಬ್ರೂಕ್ಲಿನ್ ರೈಲು ಹಿಡಿದ.

ಕತೆ ಕೇಳಿ ಟೋನಿ ಈ ಸಲ ನಗಲಿಲ್ಲ. ಪಾಪ, ಅವನೂ ಹೆಂಡತಿ ಮಕ್ಕಳಿದ್ದವನು. ಸಣ್ಣ ಕಾಳು, ಕಪ್ಪುಗೆಂಪು, ದುಂಡಗೆ ಎಂದು ಜಯತೀರ್ಥ ಕೈಸನ್ನೆ ಮಾಡಿದಾಗ, ಟೋನಿ ಗಿಳಿಯ ಬಟ್ಟಲನ್ನೇ ಎತ್ತಿ ತೋರಿಸಿದ. ಸಾಕ್ಷಾತ್ ರಾಗಿ! ಟೋನಿ ತಟ್ಟೆಗಳನ್ನು ವಾಪಸ್ಸು ಪಡೆದು, ಚೀಲ ತುಂಬ ಕಾಳು ಕೊಟ್ಟು, ಮನೆಯ ವಿಳಾಸವನ್ನೂ ಬರೆದುಕೊಂಡ. "ಇನ್ನು ಮರೆಯೋಲ್ಲ. ನೀನು ರೆಗೆ ಅಂದರೆ ಗಿಳಿಯ ಕಾಳು," ಎಂದ.

ಸಂಜೆ ಮನೆ ಸೇರಿದಾಗ ರಮಾಮಣಿ ಒಣಗಿದ ಮೊಸರನ್ನದ ತಟ್ಟೆಯ ಮುಂದೆ ಕೂತಿದ್ದಳು.

"ಆ ಹಾಡು ಬರ್ತಿದ್ದಾಗ ಹೊಟ್ಟೆ ತೊಳಸೋದು ನಿಂತಿತ್ತು ರೀ. ಅನ್ನ ಕಲಸ್ಕೊಂಡು ಬರೋಷ್ಟರಲ್ಲಿ ನೀವು ಕಿತ್ಕೊಂಡು ಹೋದ್ರಿ. ಎಲ್ಲಿ, ಹಾಕಿ."

ಜಯತೀರ್ಥ ಬೆವರುತ್ತ ಚೀಲ ಬಿಚ್ಚಿದ. ರಾಗಿಯ ವಾಸನೆ ಬಡಿದದ್ದೇ ತಡ, ರಮಾಮಣಿ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು.

ಅವನು ಫೋನಿಗೆ ಹಾರಿದ. "ಟೋನಿ, ರೆಗೆ! ಈಗಲೇ ರೆಗೆ ಬೇಕು!"

"ಗೊತ್ತಿತ್ತು ಕಣಯ್ಯ, ಸಾಲೋದಿಲ್ಲ ಅಂತ," ಎಂದ ಟೋನಿ ಅಕ್ಕರೆಯಿಂದ. "ಆ ಹಾಳು ತಟ್ಟೆಗಳನ್ನ ಆಗಲೇ ಮಾರಿಬಿಟ್ಟೆ. ಗಿಳೀನ ಉಪವಾಸ ಕೆಡವಿ, ಉಳಿದ ಕಾಳನ್ನೆಲ್ಲ ನಿನಗೇ ಕಳಿಸಿದೀನಿ."